ಮೌನದ ಪಂಜರ

ಹಳ್ಳಿಯ ಜಗಲಿಯ ಮೇಲೆ ಕುಳಿತವನು ದಾರಿಹೋಕನನ್ನು ‘ಯಾವೂರಾಯಿತು?’ ಎಂದು ವಿಚಾರಿಸದೆ ಬಿಡುವುದಿಲ್ಲ. ಅದೇ ಮಹಾನುಭಾವ ಬೆಂಗಳೂರಿನ ಕಚೇರಿಯೊಂದನ್ನು ಸೇರಿ ಲಿಫ್ಟಿನೊಳಗೆ ಕಾಲಿಟ್ಟನೆಂದರೆ, ಹತ್ತು ವರ್ಷ ಜೊತೆಯಲ್ಲಿ ದುಡಿದವನ ಮುಖವನ್ನೂ ನೋಡಲಾರ. ಬಾಗಿಲು ಮುಚ್ಚಿದೊಡನೆ ಆತನ ದೃಷ್ಟಿ ಮೇಲೆ ಮಿನುಗುವ ಅಂಕಿಗಳಲ್ಲಿ ನೆಲೆಗೊಳ್ಳುತ್ತದೆ. ಬಾಲ್ಯದಲ್ಲಿ ಮಗ್ಗಿ ಕಲಿಯುವಾಗಲೂ ಆತ ಅಂಕಿಗಳನ್ನು ಇಷ್ಟೊಂದು ಶ್ರದ್ಧೆಯಿಂದ ನೋಡಿರಲಾರ!

ಇದಕ್ಕೆ ಕಾರಣವಿಲ್ಲದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯ ಮನುಷ್ಯರ ನಡುವಣ ಅಂತರವನ್ನು ಅಳೆದು, 18 ಅಂಗುಲದೊಳಗಿನ ಸಾಮೀಪ್ಯ ಆಪ್ತರಿಗೆ ಸಲ್ಲುವಂಥದೆಂದು ವಿವರಿಸಿದ್ದಾನೆ. ಲಿಫ್ಟಿನಲ್ಲಾದರೋ ಆ 18 ಅಂಗುಲದೊಳಗೆ ಲೆಕ್ಕಪತ್ರ ವಿಭಾಗದವರ ಊಟದ ಡಬ್ಬಿ, ಟಪಾಲು ವಿಭಾಗದವರ ಒದ್ದೆ ಕೊಡೆ ಎಲ್ಲವೂ ಬಂದು ನಿಲ್ಲುತ್ತವೆ. ದೇಹ ಹಿಂದೆ ಸರಿಯಲಾರದು. ಪಾಪ, ಕಣ್ಣಾದರೂ ಸರಿದುಕೊಳ್ಳುತ್ತದೆ.

ಅಲ್ಲಿ ಸ್ವಂತ ಬುದ್ಧಿಗೂ ಹೆಚ್ಚು ಅವಕಾಶವಿಲ್ಲ. 1962ರಲ್ಲಿ ಅಮೆರಿಕದ ‘ಕ್ಯಾಂಡಿಡ್ ಕ್ಯಾಮೆರಾ’ ಎಂಬ ದೂರದರ್ಶನ ಕಾರ್ಯಕ್ರಮದವರು ಒಂದು ವಿನೋದ ಹೂಡಿದರು. ಮೊದಲೇ ಗೊತ್ತುಮಾಡಿಕೊಂಡ ಕೆಲವರು ಲಿಫ್ಟಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತರು. ಏನೂ ಅರಿಯದೆ ಒಳಗಿದ್ದವನು ಸ್ವಲ್ಪ ಹೊತ್ತು ತಡಬಡಿಸಿ, ಕೊನೆಗೆ ತಾನೂ ಮೆಲ್ಲನೆ ಗೋಡೆಯತ್ತ ತಿರುಗಿದನು!

ನಮ್ಮ ಕಚೇರಿಗಳಲ್ಲಿ ಇದರ ಮೇಲೆ ಪದವಿಯ ಭಾರವೂ ಸೇರುತ್ತದೆ. ಮೇಲಧಿಕಾರಿ ಬಂದರೆ ಮುಂದೆ ನಿಂತಿದ್ದವರೆಲ್ಲ ‘ತಾವು ಮೊದಲು’ ಎಂದು ಹಿಂಜರಿಯುತ್ತಾರೆ. ಅವರು ಸೌಜನ್ಯದಿಂದ ‘ಇಲ್ಲ, ನೀವು ನಡೆಯಿರಿ’ ಎನ್ನುತ್ತಾರೆ. ಉಪಚಾರ ಮುಗಿಯುವಷ್ಟರಲ್ಲಿ ಬಾಗಿಲು ಮುಚ್ಚಿ, ಲಿಫ್ಟು ಬರಿದಾಗಿಯೇ ಮೇಲೇರುತ್ತದೆ. ಇನ್ನು ಒಂದೇ ಮಹಡಿ ಏರಬೇಕಾದ ಯುವಕನ ಪಾಡು ಹೇಳತೀರದು. ಎಂಟನೆಯ ಮಹಡಿಯವರ ನಿಟ್ಟುಸಿರು ಕಿವಿಗೆ ಬಿದ್ದೊಡನೆ, ನಿನ್ನೆಯವರೆಗೆ ಇಲ್ಲದಿದ್ದ ಮೊಣಕಾಲುನೋವು ಅವನಿಗೆ ಕಾಣಿಸಿಕೊಂಡು, ಕುಂಟುತ್ತ ಹೊರಬೀಳುತ್ತಾನೆ.

1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎಂಬಾತ ಎತ್ತರಕ್ಕೇರಿಸಿದ ಹಲಗೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕತ್ತರಿಸಿಹಾಕಿಸಿದನು. ಅವನು ಅಳವಡಿಸಿದ್ದ ತಡೆ ಕಚ್ಚಿಕೊಂಡು ಹಲಗೆ ಅಲ್ಲೇ ನಿಂತಿತು. ಬಿದ್ದೇವೆಂಬ ಭಯಕ್ಕೆ ಅಂದೇ ಮದ್ದು ದೊರೆಯಿತು. ಬಾಯಿಬಿಟ್ಟರೆ ಏನಾದೀತೋ ಎಂಬ ಭಯಕ್ಕೆ ಇನ್ನೂ ದೊರೆತಿಲ್ಲ.

ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತರೊಬ್ಬರು ನಿವೃತ್ತರಾದರು. ಸಮಾರಂಭದಲ್ಲಿ ಮೇಲಧಿಕಾರಿಗಳು ಶಾಲು ಹೊದಿಸಿ, ಗಂಧದ ಹಾರ ಹಾಕಿ, ‘ರಾಯರು ಈ ಕಚೇರಿಯ ಆಧಾರಸ್ತಂಭ’ವೆಂದು ಕಾಲು ಗಂಟೆ ನಿರರ್ಗಳವಾಗಿ ಮಾತನಾಡಿದರು. ಸಂಜೆ ಇಳಿಯುವಾಗ ಲಿಫ್ಟಿನಲ್ಲಿ ಅವರಿಬ್ಬರೇ. ಐದು, ನಾಲ್ಕು, ಮೂರು... ಇಬ್ಬರೂ ಅಂಕಿಗಳನ್ನೇ ನೋಡಿದರು. ಚೀಲದಿಂದ ಹಾರದ ಕೊನೆಯೊಂದು ಇಣುಕುತ್ತಿತ್ತು. ಎರಡನೆಯ ಮಹಡಿ ದಾಟಿದಾಗ ಸಾಹೇಬರು ಧೈರ್ಯ ತಂದುಕೊಂಡರು.

‘‘ಮನೆ ಎಲ್ಲಿ, ರಾಯರೇ?’’

‘‘ಬಸವನಗುಡಿ, ಸಾರ್. ಕಹಳೆ ಬಂಡೆಯ ಹಿಂಭಾಗದಲ್ಲಿ.’’

‘‘ಹೌದೆ! ನನ್ನದೂ ಅಲ್ಲೇ. ಹನ್ನೆರಡು ವರ್ಷವಾಯಿತು. ದಿನವೂ ಬೆಳಿಗ್ಗೆ ಆ ಬಂಡೆಯ ಬಳಿ ವಾಯುಸೇವನೆಗೆ...’’

‘‘ನಾನೂ ಬರುತ್ತೇನೆ, ಸಾರ್. ತಮ್ಮನ್ನು ನೋಡಿದ್ದೇನೆ.’’

ಬಾಗಿಲು ತೆರೆಯಿತು. ಮೇಲೇರಲು ಕಾದಿದ್ದವರು ನುಗ್ಗಿದರು. ಇಬ್ಬರೂ ಎರಡು ಕಡೆಗಾದರು. ಆ ಸಂಜೆ ಒಬ್ಬರು ಕಾರಿನಲ್ಲಿ, ಒಬ್ಬರು ಬಸ್ಸಿನಲ್ಲಿ, ಒಂದೇ ಬಡಾವಣೆಗೆ ಹೋದರು.