ಕೋಟಗಢದ ಸೇಬು: ಬಣ್ಣವೋ, ಸವಿಯೋ?

ಸಿಮ್ಲಾ ನಗರವನ್ನು ಹಿಂದಿಕ್ಕಿ ಹಿಂದೂಸ್ಥಾನ-ಟಿಬೆಟ್ ಮಾರ್ಗವನ್ನು ಹಿಡಿದ ಪ್ರಯಾಣಿಕನಿಗೆ ಮೊದಲು ದೊರೆಯುವುದು ದೇವದಾರು ವೃಕ್ಷಗಳ ನೆರಳು. ಅನಂತರ ಮೋಡಗಳ ಸಹವಾಸ. ಠಿಯೋಗ್, ಮಟಿಯಾಣಾ ಊರುಗಳು ಒಂದೊಂದಾಗಿ ಸರಿದು, ಸುಮಾರು 65 ಕಿಲೋಮೀಟರು ಕಳೆದ ಮೇಲೆ ನಾರಕಂಡಾ ಬರುತ್ತದೆ. ಸಮುದ್ರಮಟ್ಟದಿಂದ 2,700 ಮೀಟರುಗಳಷ್ಟು ಎತ್ತರದ ಈ ಕಣಿವೆಬಾಯಿಯಿಂದ ಕವಲೊಡೆದ ದಾರಿ ಥಾನೇದಾರ್, ಕೋಟಗಢಗಳ ಕಡೆಗೆ ಇಳಿಯತೊಡಗಿದೊಡನೆ ಕಾಡು ಹಿಂದೆ ಸರಿದು ತೋಟ ಮುಂದೆ ಬರುತ್ತದೆ. ಬೆಟ್ಟದ ಮೈಯೆಲ್ಲ ಸೇಬಿನ ಮರ. ಅತಿ ಕೆಳಗೆ, ಪುರಾಣಗಳು ಶತದ್ರು ಎಂದು ಕರೆದ ಸತ್ಲಜ್ ನದಿ ಬೆಳ್ಳಿಯ ಎಳೆಯಂತೆ ಹರಿಯುತ್ತದೆ. ಮಳೆಗಾಲದ ಕೊನೆಯಲ್ಲಿ ಇಲ್ಲಿಗೆ ಬಂದವನಿಗೆ ಹಸುರಿಗಿಂತ ಕೆಂಪೇ ಹೆಚ್ಚಾಗಿ ಕಾಣುತ್ತದೆ. ಕೊಂಬೆಗಳು ಭಾರದಿಂದ ಬಾಗಿ, ಊರುಗೋಲುಗಳ ಮೇಲೆ ಮೈಚೆಲ್ಲಿ ನಿಂತಿರುತ್ತವೆ.

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ರೋಗಿಯನ್ನು ಕಾಣಹೋಗುವವರ ಕೈಚೀಲದಲ್ಲಿ ಇರಲೇಬೇಕಾದ ಹಣ್ಣು ಸೇಬು. ಆದರೆ ಅಂಗಡಿಯಲ್ಲಿ ‘ಒಂದು ಕಿಲೋ ಸೇಬು ಕೊಡಿ’ ಎಂದು ಕೇಳುವವರೇ ಹೆಚ್ಚು. ಮಾವಿನಲ್ಲಿ ಬಾದಾಮಿ, ರಸಪುರಿ, ಮಲ್ಲಿಗೆ ಎಂದು ಹೆಸರಿಡಿದು ಆರಿಸುವ ನಾಲಗೆ ಸೇಬಿನ ಮುಂದೆ ಮೌನವಾಗುತ್ತದೆ. ಕೆಂಪಗಿದ್ದರೆ ಒಳ್ಳೆಯದು, ಹೆಚ್ಚು ಕೆಂಪಗಿದ್ದರೆ ಹೆಚ್ಚು ಒಳ್ಳೆಯದು. ಈ ನಂಬಿಕೆ ಎಷ್ಟು ದುಬಾರಿಯಾದುದೆಂಬುದು ಕೋಟಗಢದ ತೋಟಗಳಲ್ಲಿ ನಿಂತಾಗ ತಿಳಿಯುತ್ತದೆ.

ಈ ಬೆಟ್ಟಗಳಿಗೆ ಸಿಹಿಸೇಬನ್ನು ತಂದವನು ಅಮೆರಿಕದವನು. ಫಿಲಡೆಲ್ಫಿಯದ ಶ್ರೀಮಂತ ಕ್ವೇಕರ್ ಮನೆತನದಲ್ಲಿ 1882ರಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್, ಕುಷ್ಠರೋಗಿಗಳ ಸೇವೆಗೆಂದು 1904ರಲ್ಲಿ ಭಾರತಕ್ಕೆ ಬಂದ. ಕೋಟಗಢದಲ್ಲಿ ನೆಲೆಸಿ, 1912ರಲ್ಲಿ ಈ ನಾಡಿನ ಹೆಣ್ಣನ್ನೇ ಮದುವೆಯಾದ. ಬೆಟ್ಟದ ಬಡವರ ಹೆಗಲೇರಿದ್ದ ಬಿಟ್ಟಿಚಾಕರಿಯ ವಿರುದ್ಧ ಹೋರಾಡಿದ. 1921ರಲ್ಲಿ ಸ್ವಾತಂತ್ರ್ಯ ಚಳುವಳಿಯಲ್ಲಿ ಸೆರೆಮನೆಯನ್ನೂ ಕಂಡ. 1932ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದನಾದ. ಥಾನೇದಾರಿನಲ್ಲಿ ಅವನು ಕಟ್ಟಿಸಿದ ಪರಂಜ್ಯೋತಿ ಮಂದಿರದ ಮರದ ಗೋಡೆಗಳಲ್ಲಿ ಉಪನಿಷತ್ತು, ಗೀತೆಗಳ ವಾಕ್ಯಗಳನ್ನು ಕೆತ್ತಲಾಗಿದೆ. 1946ರಲ್ಲಿ ಅವನು ಕಾಲವಾದ.

ಸ್ಟೋಕ್ಸನಿಗಿಂತ ಮೊದಲೇ, 1870ರ ಸುಮಾರಿಗೆ, ಕುಲ್ಲೂ ಕಣಿವೆಯ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಸೇಬು ನೆಟ್ಟಿದ್ದ. ಅವು ಕಾಕ್ಸ್ ಆರೆಂಜ್ ಪಿಪ್ಪಿನ್ ಮೊದಲಾದ ಆಂಗ್ಲರ ಮೆಚ್ಚಿನ ಜಾತಿಗಳು. ಸಿಹಿಯ ಬೆನ್ನಿಗೇ ಹುಳಿ, ಹುಳಿಯ ಬೆನ್ನಿಗೇ ಪರಿಮಳ. ಆ ಹುಳಿ ನಮ್ಮ ಜನಕ್ಕೆ ಹಿಡಿಸಲಿಲ್ಲ. ಸ್ಟೋಕ್ಸ್ ಇದನ್ನು ಗಮನಿಸಿದ. ಅಮೆರಿಕದ ಮಿಸೌರಿಯ ಸ್ಟಾರ್ಕ್ ಸೋದರರ ಸಸ್ಯಕ್ಷೇತ್ರದಿಂದ ‘ಡೆಲಿಷಸ್’ ಎಂಬ ಹೊಸ ಜಾತಿಯ ಸಸಿಗಳನ್ನು ತರಿಸಿ 1916ರಲ್ಲಿ ನೆಟ್ಟ. ಕೆಲವು ವರ್ಷಗಳ ಬಳಿಕ ‘ಗೋಲ್ಡನ್ ಡೆಲಿಷಸ್’ ಸಸಿಗಳೂ ಬಂದವು. 1926ರ ವೇಳೆಗೆ ಕೋಟಗಢದ ಹಣ್ಣು ಮಾರಾಟಕ್ಕೆ ಹೊರಟಿತ್ತು. ಗೋಧಿ, ಆಲೂಗಡ್ಡೆಗಳಲ್ಲಿ ಹೊಟ್ಟೆ ಹೊರೆಯುತ್ತಿದ್ದ ನೆರೆಹೊರೆಯವರಿಗೆ ಅವನು ಸೇಬಿನ ಬೇಸಾಯವನ್ನು ಕಲಿಸಿದ. ಹಿಮಾಚಲದಲ್ಲಿ ಇಂದು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿ ಸೇಬಿನ ತೋಟಗಳಿವೆ.

ಆ ‘ಡೆಲಿಷಸ್’ ಹಣ್ಣಿನ ಹುಟ್ಟೂ ಒಂದು ಕಥೆಯೇ. ಅಯೋವ ಪ್ರಾಂತದ ಜೆಸ್ಸಿ ಹಯಟ್ ಎಂಬ ರೈತನ ತೋಟದಲ್ಲಿ, ಸಾಲು ತಪ್ಪಿ, ತಾನಾಗಿ ಮೊಳೆತ ಗಿಡವದು. ಅವನು ಎರಡು ಸಲ ಕಡಿದರೂ ಅದು ಮತ್ತೆ ಚಿಗುರಿತಂತೆ. ಬದುಕುವ ಹಟವಿದ್ದರೆ ಬದುಕಲಿ ಎಂದು ಬಿಟ್ಟನಂತೆ. 1893ರಲ್ಲಿ ಅದರ ಹಣ್ಣು ಸ್ಟಾರ್ಕ್ ಸೋದರರ ಸ್ಪರ್ಧೆಗೆ ಹೋಯಿತು. ಕಚ್ಚಿದವರ ಬಾಯಿಂದ ಹೊರಟ ಮೆಚ್ಚುಗೆಯ ಮಾತೇ ಹೆಸರಾಯಿತು. ಸೇಬಿನ ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನು ಹೋಲುವುದಿಲ್ಲ; ಕಸಿಯೊಂದೇ ದಾರಿ. ಆದ್ದರಿಂದ ಕೋಟಗಢದ ಕೆಂಪು ಮರಗಳೆಲ್ಲ ಆ ಹಟಮಾರಿ ಗಿಡದ ಕುಡಿಗಳೇ.

ಇನ್ನು ರುಚಿಯ ಮಾತು. ಒಂದೇ ತೋಟದಲ್ಲಿ ಬೆಳೆದ ಕೆಂಪು ಡೆಲಿಷಸ್ಸನ್ನೂ ಗೋಲ್ಡನ್ನನ್ನೂ ಒಂದೇ ತಟ್ಟೆಯಲ್ಲಿ ಹೋಳುಮಾಡಿ ಇಟ್ಟರೆ ಅಂತರ ಸ್ಪಷ್ಟವಾಗುತ್ತದೆ. ಕೆಂಪು ಹಣ್ಣು ನೀಳವಾದುದು. ಬುಡದಲ್ಲಿ ಕಿರೀಟದಂತೆ ಐದು ಉಬ್ಬುಗಳು. ಸಿಪ್ಪೆ ದಪ್ಪ, ತುಸು ಒಗರು. ತಿರುಳು ಮರದಿಂದ ಇಳಿಸಿದ ಹೊಸತರಲ್ಲಿ ಗರಿಗರಿ, ಸೌಮ್ಯವಾದ ಸಿಹಿ, ಹುಳಿ ಇಲ್ಲವೆಂಬಷ್ಟು ಕಡಿಮೆ. ಆದರೆ ದಿನಗಳೆದಂತೆ ಆ ತಿರುಳು ಸಡಿಲವಾಗಿ, ಹಲ್ಲಿಗೆ ಹಿಟ್ಟಿನಂತೆ ಸಿಕ್ಕುತ್ತದೆ. ಗೋಲ್ಡನ್ ಹಣ್ಣಿನ ಸಿಪ್ಪೆ ತೆಳು, ರಸ ಹೆಚ್ಚು, ಸಿಹಿಯೊಡನೆ ಜೇನಿನ ನೆನಪು ತರುವ ಪರಿಮಳ, ಕೊನೆಯಲ್ಲಿ ನಾಲಗೆಯನ್ನು ಎಚ್ಚರಿಸುವಷ್ಟು ಹುಳಿ. ತಿನ್ನಲು ಗೋಲ್ಡನ್ನೇ ಮೇಲೆಂದು ಹೇಳುವವರು ಕಡಿಮೆಯಿಲ್ಲ. ಆದರೆ ಅದರ ತೆಳುಸಿಪ್ಪೆ ಬೇಗ ಸುಕ್ಕುಗಟ್ಟುತ್ತದೆ. ಸ್ವಲ್ಪ ತಾಗಿದರೂ ಕಂದುತ್ತದೆ.

ಮಾರುಕಟ್ಟೆಯಲ್ಲಿ ಈ ಹಳದಿ ಹಣ್ಣಿಗೆ ಬೆಲೆ ಕಡಿಮೆ. ವಿಚಿತ್ರವೆಂದರೆ, ಅದಿಲ್ಲದೆ ಕೆಂಪು ಹಣ್ಣೇ ಇಲ್ಲ. ಕೆಂಪು ಡೆಲಿಷಸ್ ಮರ ತನ್ನ ಪರಾಗದಿಂದ ತಾನೇ ಸರಿಯಾಗಿ ಕಾಯಿ ಕಟ್ಟಲಾರದು. ಅದರ ಸಾಲುಗಳ ನಡುನಡುವೆ ಗೋಲ್ಡನ್ ಮರಗಳನ್ನು ನೆಟ್ಟು, ವಸಂತದಲ್ಲಿ ಜೇನುಹುಳುಗಳನ್ನು ತರಿಸಬೇಕು. ಹೀಗೆ ಕೆಂಪಿನ ವೈಭವಕ್ಕೆ ಹಳದಿ ದುಡಿಯುತ್ತದೆ. ಮನ್ನಣೆ ಮಾತ್ರ ಕೆಂಪಿಗೆ.

ಕಾಶ್ಮೀರದ ಹಳೆಯ ಅಂಬ್ರಿಯನ್ನು ಇಲ್ಲಿ ನೆನೆಯದಿದ್ದರೆ ಹೋಲಿಕೆ ಅಪೂರ್ಣ. ಅದು ವಿಲಾಯಿತಿಯ ಕಸಿಯಲ್ಲ, ಆ ಕಣಿವೆಯದೇ ಕೂಸು. ಮೈಮೇಲೆ ಕೆಂಪಿನ ಗೆರೆಗಳು. ತಿರುಳು ಬೆಳ್ಳಗೆ, ಬಿಗಿಯಾಗಿ, ಸುಗಂಧದಿಂದ ಕೂಡಿದ್ದು. ಶೀತಗೃಹಗಳಿಲ್ಲದ ಕಾಲದಲ್ಲಿಯೂ ಮನೆಯೊಳಗೆ ತಿಂಗಳುಗಟ್ಟಲೆ ಉಳಿಯುತ್ತಿದ್ದ ಹಣ್ಣದು. ಆದರೆ ಅದರ ಮರ ಫಲಕ್ಕೆ ಬರಲು ಬಹುಕಾಲ ಬೇಕು. ಬೇಗ ಫಲಿಸಿ ಕೆಂಪಗೆ ಹೊಳೆಯುವ ಡೆಲಿಷಸ್ ಬಂದ ಮೇಲೆ ಅಂಬ್ರಿ ತೋಟಗಳು ಕುಗ್ಗುತ್ತ ಬಂದವು.

ಡೆಲಿಷಸ್ಸಿನ ಕಥೆಯೂ ಹಾಗೆಯೇ ತಿರುಗಿದೆ. ಮೂಲ ಹಣ್ಣು ಗೆರೆಗೆರೆಯಾಗಿದ್ದು ಪೂರ್ತಿ ಕೆಂಪಾಗಿರಲಿಲ್ಲ. ಎಲ್ಲಿಯಾದರೂ ಒಂದು ಕೊಂಬೆಯ ಹಣ್ಣು ಹೆಚ್ಚು ಕೆಂಪಾದರೆ ಅದರ ಕಡ್ಡಿಯನ್ನೇ ಕಸಿಮಾಡಿ ಹೊಸ ಹೆಸರಿಟ್ಟರು. ತಲೆಮಾರು ತಲೆಮಾರಾಗಿ ಕಣ್ಣು ಆರಿಸಿತು. ನಾಲಗೆಯನ್ನು ಯಾರೂ ಕೇಳಲಿಲ್ಲ. ಬಣ್ಣ ಬೇಗ ಬರುವುದರಿಂದ ಹಣ್ಣನ್ನು ಬೇಗ ಕೀಳುವ ಆಸೆಯೂ ಹುಟ್ಟಿತು. ಮೈ ಕೆಂಪೇರಿದರೂ ಒಳಗಿನ ಪಿಷ್ಟ ಸಕ್ಕರೆಯಾಗಿರುವುದಿಲ್ಲ. ತಿಳಿದ ತೋಟಗಾರರು ಹಣ್ಣನ್ನು ಕತ್ತರಿಸಿ ಅಯೋಡಿನ್ ದ್ರವದಲ್ಲಿ ಅದ್ದುತ್ತಾರೆ. ಪಿಷ್ಟವಿದ್ದಲ್ಲೆಲ್ಲ ತಿರುಳು ಕಡುನೀಲಿಯಾಗಿ, ಹಣ್ಣಿನ ಸುಳ್ಳನ್ನು ಹೇಳಿಬಿಡುತ್ತದೆ. ನೋಡಲು ಅತ್ತಿಯ ಹಣ್ಣು ಎಂಬ ಮಾತು ಸೇಬಿಗೂ ಸಲ್ಲುವುದು ಇಂಥಲ್ಲಿ.

ಈಗ ಕೋಟಗಢದ ಅನೇಕ ಮನೆಗಳಲ್ಲಿ ತಂದೆ ಮಕ್ಕಳ ನಡುವೆ ಒಂದು ಚರ್ಚೆ ನಡೆಯುತ್ತಿದೆ. ನೂರಾರು ಗಂಟೆಗಳ ಚಳಿಯುಂಡಲ್ಲದೆ ಡೆಲಿಷಸ್ ಮರ ಚೆನ್ನಾಗಿ ಹೂವಾಗದು. ಸಾವಿರಕ್ಕೂ ಹೆಚ್ಚು ಗಂಟೆಗಳ ಕಾಲ ಶೈತ್ಯ 7 ಡಿಗ್ರಿಗಿಂತ ಕೆಳಗಿರಬೇಕೆಂಬ ಲೆಕ್ಕವಿದೆ. ಹಿಮ ಬೀಳುವುದು ಕಡಿಮೆಯಾಗಿ ಚಳಿ ಮೇಲಕ್ಕೆ ಸರಿಯುತ್ತಿದೆ. ಅದರ ಬೆನ್ನು ಹತ್ತಿ ಸೇಬೂ ಬೆಟ್ಟವನ್ನು ಏರುತ್ತಿದೆ. ಕುಲ್ಲೂವಿನ ತಗ್ಗಿನ ತೋಟಗಳಲ್ಲಿ ಎಷ್ಟೋ ಕಡೆ ದಾಳಿಂಬೆ ಬಂದಿದೆ. ಹಳೆಯ ಮರಗಳನ್ನು ಕಡಿದು, ಕುಳ್ಳ ಬೇರಿನ ಮೇಲೆ ಕಸಿಮಾಡಿದ ಗಾಲಾ ಜಾತಿಯನ್ನು ನೆಡೋಣವೆಂಬುದು ಮಕ್ಕಳ ವಾದ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಗಾಲಾ ಬೇಗ ಫಲಿಸುತ್ತದೆ, ತೆಳುಸಿಪ್ಪೆಯ, ಗರಿಗರಿಯಾದ ಹಣ್ಣು, ರುಚಿಯಲ್ಲಿಯೂ ಹಗುರಲ್ಲ. ಗೋಲ್ಡನ್ನೇ ಅದರ ಪೂರ್ವಜರಲ್ಲೊಂದೆಂಬುದನ್ನು ಅರಿತವರಿಗೆ ಅದರ ಸವಿ ಅಚ್ಚರಿಯಲ್ಲ. ಅಜ್ಜ ನೆಟ್ಟ ಮರಕ್ಕೆ ಕೊಡಲಿ ಹೇಗೆ ಹಾಕುವುದೆಂಬುದು ತಂದೆಯ ಕೊರಗು. ಹಳೆಯ ಮರ ನೆನಪನ್ನು ಕೊಡುತ್ತದೆ, ಹೊಸ ಗಿಡ ಮಗಳ ಓದಿನ ಶುಲ್ಕವನ್ನು ಕೊಡುತ್ತದೆ. ಇಬ್ಬರದೂ ಸರಿಯಾದ ಮಾತೇ.

ನಗರದ ಗೃಹಿಣಿಗೆ ಈ ಬೆಟ್ಟ ಕಲಿಸುವ ಪಾಠ ಸರಳವಾದುದು. ಕೆಂಪನ್ನು ಬಿಟ್ಟು, ತೊಟ್ಟಿನ ಸುತ್ತಲಿನ ಹಿನ್ನೆಲೆಯ ಬಣ್ಣವನ್ನು ನೋಡಬೇಕು. ಕಡುಹಸುರು ತಿರುಗಿ ತಿಳಿಹಳದಿಯಾಗಿದ್ದರೆ ಹಣ್ಣು ಮರದಲ್ಲಿಯೇ ಬಲಿತಿದೆ. ಗಾತ್ರಕ್ಕೆ ತಕ್ಕ ತೂಕವಿರಬೇಕು, ಬೆರಳೊತ್ತಿದರೆ ಬಿಗಿಯಾಗಿರಬೇಕು, ಮೂಗಿಗೆ ಹಿಡಿದರೆ ಪರಿಮಳ ಬರಬೇಕು. ಹುಳಿ ಇಷ್ಟವಾದವರಿಗೆ ಆಸ್ಟ್ರೇಲಿಯದಲ್ಲಿ ಹುಟ್ಟಿದ ಹಸುರು ಗ್ರಾನಿ ಸ್ಮಿತ್ ಉಂಟು. ಬರಿಯ ಸಿಹಿಯನ್ನು ಬಯಸುವವರಿಗೆ ಜಪಾನಿನ ಫೂಜಿ ಉಂಟು. ಡೆಲಿಷಸ್ಸನ್ನು ಭಾದ್ರಪದ, ಆಶ್ವಯುಜಗಳಲ್ಲಿ, ತೋಟದಿಂದ ಹೊಸದಾಗಿ ಬಂದಾಗಲೇ ತಿನ್ನಬೇಕು. ಬಾಳೆಯ ಚಿಪ್ಪಿನ ಪಕ್ಕದಲ್ಲಿ ಸೇಬನ್ನು ಇಡಬಾರದು. ಸೇಬು ಹೊರಸೂಸುವ ಅನಿಲ ಬಾಳೆಯನ್ನು ಬೇಗ ಮಾಗಿಸಿ ಕೆಡಿಸೀತು.

ಸಂಜೆಯಾಗುತ್ತಲೇ ಥಾನೇದಾರಿನ ತೋಟಗಳಲ್ಲಿ ವಿಂಗಡಣೆಯ ಕೆಲಸ ಮುಗಿಯುತ್ತದೆ. ಅಂದವಾದ ಕೆಂಪು ಹಣ್ಣುಗಳು ಸಾಲುಸಾಲಾಗಿ ಪೆಟ್ಟಿಗೆ ಸೇರಿ, ದಿಲ್ಲಿಗೆ ಹೊರಡುವ ಲಾರಿಯನ್ನು ಏರುತ್ತವೆ. ಒಂದು ಬುಟ್ಟಿ ಮಾತ್ರ ಹಿಂದುಳಿಯುತ್ತದೆ. ಅದರಲ್ಲಿರುವುದು ಮೈಮೇಲೆ ಕಂದು ಚುಕ್ಕೆಯಿರುವ ಹಳದಿ ಗೋಲ್ಡನ್‌ಗಳು, ಬಿಸಿಲು ತಾಗದೆ ಅರ್ಧವೇ ಕೆಂಪಾದ ಒಂದೆರಡು ಡೆಲಿಷಸ್‌ಗಳು. ಅವುಗಳಿಗೆ ಬೆಲೆ ಬಾರದು. ಮನೆಯಾಕೆ ಆ ಬುಟ್ಟಿಯನ್ನು ಎತ್ತಿಕೊಂಡು ಅಡಿಗೆಮನೆಯ ಕಡೆಗೆ ನಡೆಯುತ್ತಾಳೆ; ಶಾಲೆಯಿಂದ ಬಂದ ಮಕ್ಕಳು ಬಣ್ಣವನ್ನು ನೋಡದೆ ಕೈಹಾಕುತ್ತಾರೆ.