ಐನೂರು ರೂಪಾಯಿ ಮಾತ್ರ ಎಣಿಸಿದ್ದೆ

ಮತದಾರರನ್ನು ಬೈಯುವುದರಲ್ಲಿ ನನಗೆ ಒಂದು ಕಾಲಕ್ಕೆ ಒಳ್ಳೆಯ ಹೆಸರಿತ್ತು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಹಾಯ್ದುಹೋಗುವ ಉಗರಗೋಳದಲ್ಲಿ ನಮ್ಮದೊಂದು ಕುಂಕುಮ, ಭಂಡಾರ, ಹಸಿರು ಬಳೆಯ ಅಂಗಡಿ. ಅಂಗಡಿ ನೋಡಿಕೊಳ್ಳುತ್ತಲೇ ಒಂದು ವಾರಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ, ಅದಕ್ಕೆ ಜಾಹೀರಾತನ್ನೂ ತಂದುಕೊಡುತ್ತಿದ್ದೆ. ಚುನಾವಣೆ ಯಾವುದೇ ಇರಲಿ, ಮುಗಿದ ವಾರ ನನ್ನ ಬರಹದ ಧಾಟಿ ಒಂದೇ. ನೋಟಿಗೆ, ಬಾಟಲಿಗೆ, ಸೀರೆಗೆ ಓಟು ಮಾರಿಕೊಂಡ ಮಂದಿಗೆ ತಕ್ಕ ಸರ್ಕಾರ ಬಂದಿದೆ, ಇನ್ನು ಅನುಭವಿಸಲಿ. ಓದಿದವರು, ನೌಕರಿ ಇದ್ದವರು ಫೋನು ಮಾಡಿ ‘ಸರಿಯಾಗಿ ಬರದೀರಿ’ ಎನ್ನುತ್ತಿದ್ದರು. ಯಾರೂ ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗಬೇಕಾದವರು ಪತ್ರಿಕೆ ಓದುತ್ತಿರಲಿಲ್ಲ.

ಆ ಬರಹ ಎಷ್ಟು ತಪ್ಪು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. 2008ರಿಂದ ಹೇಳಬೇಕು.

ಆ ವರ್ಷದ ಮೇ 22ರಂದು ನಮ್ಮ ಜಿಲ್ಲೆ ಮತ ಹಾಕಿತು. ಅದಕ್ಕೂ ಹಿಂದಿನ ನಾಲ್ಕು ವರ್ಷ ರಾಜ್ಯ ಕಂಡದ್ದು ಬರೀ ಗೊಂದಲ. ಧರ್ಮಸಿಂಗ್ ಸರ್ಕಾರ ಬಿತ್ತು, ಕುಮಾರಸ್ವಾಮಿ ಸರ್ಕಾರ ಬಂತು, ಅಧಿಕಾರ ಹಸ್ತಾಂತರದ ಮಾತು ಮುರಿಯಿತು, ಯಡಿಯೂರಪ್ಪ ಒಂದು ವಾರ ಮುಖ್ಯಮಂತ್ರಿಯಾಗಿ ಇಳಿದರು. ಗಟ್ಟಿಯಾದ ಒಂದು ಸರ್ಕಾರ ಬಂದರೆ ಸಾಕು ಎಂಬ ಹಂಬಲ ನಮ್ಮ ಭಾಗದಲ್ಲಿ ಬಹಳ ಇತ್ತು, ನನಗೂ ಇತ್ತು. ಮೇ 25ರಂದು ಎಣಿಕೆಯಾದಾಗ ಬಿಜೆಪಿಗೆ 110 ಸ್ಥಾನ ಸಿಕ್ಕವು. ಬಹುಮತಕ್ಕೆ 113 ಬೇಕು. ಮೂರು ಕಡಿಮೆ.

ಈ ಮೂರರ ಬಗ್ಗೆ ನಾನು ಆಗ ಒಂದು ಸಾಲೂ ಬರೆಯಲಿಲ್ಲ. ಜನ ಹೇಳಿದ್ದು 110 ಮಾತ್ರ. ಮತಗಳ ಲೆಕ್ಕದಲ್ಲಿ ನೋಡಿದರೆ ಸೋತ ಕಾಂಗ್ರೆಸ್ಸಿಗೇ ಗೆದ್ದವರಿಗಿಂತ ಹೆಚ್ಚು, ಶೇಕಡಾ 34.76; ಬಿಜೆಪಿಗೆ 33.86. ಮತ ಹಾಕಿದ ಮೂವರಲ್ಲಿ ಇಬ್ಬರು ಆ ಸರ್ಕಾರವನ್ನು ಕೇಳಿರಲಿಲ್ಲ. ಕೊರತೆಯಿದ್ದ ಮೂರನ್ನು ತುಂಬಿದ್ದು ಮತದಾರರಲ್ಲ. ಗೆದ್ದ ಆರು ಪಕ್ಷೇತರರ ಪೈಕಿ ಐವರು ಸರ್ಕಾರ ಬಂದ ಕೂಡಲೇ ಮಂತ್ರಿಗಳಾದರು. ಆಮೇಲೆ ಬೇರೆ ಪಕ್ಷದ ಶಾಸಕರನ್ನು ಸೆಳೆಯುವ ‘ಆಪರೇಷನ್ ಕಮಲ’ ಶುರುವಾಯಿತು. ಪಕ್ಷ ಬಿಟ್ಟು ಹಾರಿದರೆ ಶಾಸಕತ್ವ ಹೋಗುತ್ತದೆ ಎಂದು 1985ರಲ್ಲೇ ಕಾಯ್ದೆ ಬಂದಿದೆ. ತಾವಾಗಿ ರಾಜೀನಾಮೆ ಕೊಟ್ಟು, ಹೊಸ ಚಿಹ್ನೆಯ ಮೇಲೆ ಮತ್ತೆ ನಿಂತವರನ್ನು ಆ ಕಾಯ್ದೆ ಆಗ ತಡೆಯಲಿಲ್ಲ. ಹಾಗೆ ಬಂದವೂ ಸೇರಿ 2008ರ ಡಿಸೆಂಬರ್‌ನಲ್ಲಿ ಎಂಟು ಕಡೆ ಉಪಚುನಾವಣೆಗಳು ನಡೆದವು. ಐದರಲ್ಲಿ ಬಿಜೆಪಿ, ಮೂರರಲ್ಲಿ ಜೆಡಿಎಸ್ ಗೆದ್ದವು. ನಮ್ಮ ಜಿಲ್ಲೆಯ ಅರಭಾವಿ, ಹುಕ್ಕೇರಿ ಎರಡೂ ಅದರಲ್ಲಿದ್ದವು. ‘ಏಳು ತಿಂಗಳಲ್ಲಿ ಬೇರೆ ಚಿಹ್ನೆಗೆ ಒತ್ತಿದ ಮಂದಿಗೆ ನಾಚಿಕೆಯಿಲ್ಲ’ ಎಂದು ಬರೆದೆ. ಒತ್ತಿಸಿದವರ ಖರ್ಚು ಎಲ್ಲಿಂದ ಬಂತೆಂದು ಕೇಳಲಿಲ್ಲ.

ಎಲ್ಲಿಂದ ಬಂತೆಂಬುದು ಊರಿಗೆಲ್ಲ ಗೊತ್ತಿದ್ದ ಮಾತಾಗಿತ್ತು. ಚೀನಾ ಅದಿರು ಕೊಳ್ಳಲು ನಿಂತ ಮೇಲೆ ಬಳ್ಳಾರಿಯ ಕೆಂಪು ಮಣ್ಣಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಗಾಲಿ ಜನಾರ್ದನ ರೆಡ್ಡಿ, ಅವರ ಅಣ್ಣ ಕರುಣಾಕರ ರೆಡ್ಡಿ, ಜೊತೆಗಾರ ಬಿ. ಶ್ರೀರಾಮುಲು, ಒಂದೇ ಬಳಗದ ಮೂವರು ಹೊಸ ಸಂಪುಟದಲ್ಲಿ ಕೂತರು. ಇನ್ನೊಬ್ಬ ಸಹೋದರ ಸೋಮಶೇಖರ ರೆಡ್ಡಿ ಮುಂದೆ ಹಾಲು ಮಹಾಮಂಡಳಿಯ ಅಧ್ಯಕ್ಷರಾದರು. ಸರ್ಕಾರ ಕಟ್ಟಿದ ರೊಕ್ಕ ಗಣಿಯದು ಎಂಬ ಆರೋಪ ವಿಧಾನಸೌಧದಿಂದ ಹಿಡಿದು ನಮ್ಮ ಬಸ್ ಸ್ಟ್ಯಾಂಡಿನವರೆಗೂ ಇತ್ತು. ಬರೆಯಬೇಕಾದ ನಾನು ಅದನ್ನು ಕೇಳಿ ಕೇಳಿ ಸುಮ್ಮನಿದ್ದೆ.

2009ರ ಸೆಪ್ಟೆಂಬರ್ ಕಡೆಗೆ ಹಿಡಿದ ಮಳೆ ಅಕ್ಟೋಬರ್ ಆರಂಭದವರೆಗೂ ಬಿಡಲಿಲ್ಲ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಲಪ್ರಭೆ ನವಿಲುತೀರ್ಥ ಅಣೆಕಟ್ಟೆಯ ಕೆಳಗೆ ದಂಡೆ ಮೀರಿ ಹರಿದಳು. ರಾಮದುರ್ಗ ತಾಲ್ಲೂಕಿನ ಒಂದು ಊರಿನ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದಿದ್ದರು, ಸುದ್ದಿಗೆಂದು ಹೋದೆ. ವರಾಂಡದ ತುಂಬ ತೊಯ್ದ ಜೋಳ ಹರವಿದ್ದರು. ಹಗೇವಿನಲ್ಲಿ ಇಟ್ಟದ್ದು, ಚೀಲದಲ್ಲಿದ್ದದ್ದು, ಎಲ್ಲಕ್ಕೂ ಮೊಳಕೆ ಬಂದು ಹುಳಿ ನಾತ ಹೊಡೆಯುತ್ತಿತ್ತು. ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಮೊರದಲ್ಲಿ ಒಂದಿಷ್ಟು ಹಾಕಿಕೊಂಡು ಮೊಳಕೆಯೊಡೆಯದ ಕಾಳನ್ನು ಬೆರಳಲ್ಲಿ ಒಂದೊಂದಾಗಿ ಬೇರೆ ಮಾಡುತ್ತಿದ್ದಳು. ಬೀಜಕ್ಕೆ ಆದೀತೇ ಎಂಬ ಆಸೆ. ‘ಅಧಿಕಾರಿಗೋಳು ಯಾರೂ ಬಂದಿಲ್ಲ ತಮ್ಮಾ, ಚೆಕ್ಕು ಎಂದ ಬರ್ತಾವ?’ ಎಂದು ಕೇಳಿದಳು.

ನಾನು ಕೊಟ್ಟ ಉತ್ತರ ಇದು: ‘ಓಟಿನ ಮುಂದ ರೊಕ್ಕಾ ತಗೊಂಡ್ರಲ್ಲ ಅಕ್ಕಾರ, ಈಗ ಕೇಳಿದ್ರ ಯಾರು ಬರ್ತಾರ?’

ಆಕೆ ಮೊರದಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ. ‘ಹೌದ, ಐನೂರು ತಗೊಂಡೇನಿ. ಒಬ್ಬರಲ್ಲ, ಇಬ್ಬರ ಕಡೆ ತಗೊಂಡೇನಿ. ಮೊಮ್ಮಗಳ ದವಾಖಾನಿಗೆ ಹಾಕೇನಿ. ಓಟು ನನ್ನ ಮನಸಿಗೆ ಬಂದಾವಗ ಹಾಕೇನಿ. ಅವ ಸೋತ’ ಎಂದು ಹೇಳಿ ಮತ್ತೆ ಕಾಳು ಆರಿಸತೊಡಗಿದಳು.

ಅಷ್ಟಕ್ಕೆ ನಾನು ತಿಳಿದುಕೊಳ್ಳಬೇಕಿತ್ತು. ಆಕೆ ಮಾರಿಕೊಂಡಿರಲಿಲ್ಲ, ಆಕೆ ಓಟು ಹಾಕಿದವನು ಗೆದ್ದೂ ಇರಲಿಲ್ಲ. ಆದರೂ ಊರಿಗೆ ಬಂದು ಆಕೆಯ ಮಾತಿನಲ್ಲಿ ‘ಇಬ್ಬರ ಕಡೆ ತಗೊಂಡೇನಿ’ ಎಂಬುದನ್ನಷ್ಟೇ ಎತ್ತಿಕೊಂಡು ಬರೆದೆ. ನೆರೆಯಲ್ಲಿ ಮನೆ ಕಳೆದುಕೊಂಡವಳ ಬಾಯಿಂದಲೇ ತಪ್ಪೊಪ್ಪಿಗೆ ಬಂತು ಎನ್ನುವ ಹಾಗೆ ಬರೆದೆ. ನನ್ನ ಬರಹದ ಬದುಕಿನಲ್ಲಿ ಇದಕ್ಕಿಂತ ಕೀಳಾದದ್ದು ಬೇರೆ ಇಲ್ಲ.

ಅದೇ ವೇಳೆಗೆ ಬೆಂಗಳೂರಿನಲ್ಲಿ ಏನು ನಡೆದಿತ್ತು? ಅಕ್ಟೋಬರ್ ಕೊನೆಯ ಹೊತ್ತಿಗೆ ಗಣಿ ಮಂತ್ರಿಗಳ ಬಣ ಮುಖ್ಯಮಂತ್ರಿಯ ಮೇಲೆ ತಿರುಗಿಬಿದ್ದಿತ್ತು. ಹತ್ತಾರು ಶಾಸಕರು ಹೈದರಾಬಾದ್, ಗೋವಾದ ಹೋಟೆಲುಗಳಲ್ಲಿದ್ದರು. ಅದಿರು ಲಾರಿ ಒಂದಕ್ಕೆ ಸಾವಿರ ರೂಪಾಯಿ ಸುಂಕ ಹಾಕಿ ನೆರೆ ಪರಿಹಾರಕ್ಕೆ ಬಳಸಬೇಕೆಂದು ಯಡಿಯೂರಪ್ಪ ಹೊರಟಿದ್ದರು. ಮುನಿಸಿಗೆ ಅದೂ ಒಂದು ಕಾರಣ. ಆ ಹೆಣ್ಣುಮಗಳ ಚೆಕ್ಕಿಗೂ ಬಳ್ಳಾರಿಯ ಲಾರಿಗೂ ನೇರ ಸಂಬಂಧವಿತ್ತು. ಕೊನೆಗೆ ಮುಖ್ಯಮಂತ್ರಿ ಟಿ.ವಿ.ಯ ಮುಂದೆ ಕಣ್ಣೀರು ಹಾಕಿದರು, ಶೋಭಾ ಕರಂದ್ಲಾಜೆ ಮಂತ್ರಿ ಸ್ಥಾನ ಬಿಡಬೇಕಾಯಿತು, ಸ್ಪೀಕರ್ ಆಗಿದ್ದ ಜಗದೀಶ ಶೆಟ್ಟರ್ ಮಂತ್ರಿಯಾದರು. ಯಾರು ಮಂತ್ರಿ, ಯಾರು ಅಲ್ಲ, ಯಾವ ಅಧಿಕಾರಿ ಇರಬೇಕು ಎಂದು ತೀರ್ಮಾನಿಸಿದ್ದು ಮತ ಅಲ್ಲ, ಹಣದ ಬಲ. ನನ್ನ ಪತ್ರಿಕೆಯಲ್ಲಿ ಅದು ಒಂದು ಸಣ್ಣ ಸುದ್ದಿಯಾಗಿ ಒಳಪುಟದಲ್ಲಿ ಬಂತು.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದಿತ್ತು ಅದು. ನಾಲ್ಕು ದಿನಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಸೆಪ್ಟೆಂಬರ್ 5ರಂದು ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು. ಆ ವಾರ ಈ ವಿಷಯದ ಮೇಲೆ ಹಳೆಯದೇನು ಬರೆದಿದ್ದೇನೆಂದು ನೋಡಲು ಪತ್ರಿಕೆಯ ಫೈಲು ತೆಗೆದೆ. ಗಣಿಯ ಬಗ್ಗೆ ನನ್ನದೊಂದು ಬರಹವೂ ಸಿಗಲಿಲ್ಲ. ಸಿಕ್ಕಿದ್ದು 2008ರ ಜೂನ್ ತಿಂಗಳ ಒಂದು ಸಂಚಿಕೆ. ಹೊಸ ಸರ್ಕಾರಕ್ಕೆ ಅಭಿನಂದನೆ ಹೇಳುವ ಪೂರ್ತಿ ಪುಟದ ಜಾಹೀರಾತು, ಬಣ್ಣದ್ದು, ಗಣಿ ವ್ಯವಹಾರದ ಒಬ್ಬ ಧಣಿಯ ಅಭಿಮಾನಿಗಳ ಹೆಸರಿನಲ್ಲಿ ಬಂದದ್ದು. ಅದನ್ನು ತಂದವನು ನಾನು. ಅದರ ಕಮಿಷನ್ ಆ ತಿಂಗಳ ಅಂಗಡಿಯ ಲಾಭಕ್ಕಿಂತ ಹೆಚ್ಚಿತ್ತು, ಆ ದುಡ್ಡಿನಲ್ಲಿ ಅಂಗಡಿಗೆ ಗಾಜಿನ ಕಪಾಟು ಮಾಡಿಸಿದ್ದೆ.

ನಾನು ತಗೊಂಡಿದ್ದೆ. ಆಕೆ ತಗೊಂಡೂ ತನ್ನ ಮನಸ್ಸಿನಂತೆ ಓಟು ಹಾಕಿದಳು. ನಾನು ತಗೊಂಡು ಕೊಟ್ಟವರ ಮನಸ್ಸಿನಂತೆ ಸುಮ್ಮನಾದೆ. ಬರೆಯಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಹಬ್ಬಕ್ಕೆ ಮತ್ತೊಂದು ಪುಟ ಬಂದೀತು ಎಂಬ ಆಸೆಯೇ ಸಾಕಾಗಿತ್ತು. ಬಡವರನ್ನು ಬೈದರೆ ಒಂದು ಜಾಹೀರಾತೂ ತಪ್ಪುವುದಿಲ್ಲ.

ಮರುವರ್ಷ ಆ ಊರಿಗೆ ಹೋಗಿ ಆಕೆಯನ್ನು ಹುಡುಕಿದೆ. ಮನೆಯವರು ದುಡಿಯಲು ಗೋವಾ ಕಡೆ ಹೋಗಿದ್ದಾರೆ ಎಂದರು. ಕ್ಷಮೆ ಕೇಳುವುದು ಹಾಗೇ ಉಳಿದಿದೆ.

2019ರಲ್ಲಿ ಅದೇ ನದಿ ಮತ್ತೆ ಬಂತು. ಜುಲೈನಲ್ಲಿ ಆಡಳಿತ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲು ಸೇರಿದರು, 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 20ರವರೆಗೆ ಸಂಪುಟದಲ್ಲಿ ಇದ್ದವರು ಅವರೊಬ್ಬರೇ. ಆ ನಡುವೆ ಮಲಪ್ರಭೆ ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿತು. ಕಂದಾಯ ಮಂತ್ರಿಯಿಲ್ಲ, ಜಿಲ್ಲಾ ಉಸ್ತುವಾರಿ ಮಂತ್ರಿಯಿಲ್ಲ. ಡಿಸೆಂಬರ್‌ನಲ್ಲಿ ಹದಿನೈದು ಕಡೆ ಉಪಚುನಾವಣೆಯಾಯಿತು, ಬಿಜೆಪಿ ಹನ್ನೆರಡು ಗೆದ್ದಿತು. ನಮ್ಮ ಜಿಲ್ಲೆಯ ಗೋಕಾಕ, ಅಥಣಿ, ಕಾಗವಾಡ ಮೂರರಲ್ಲೂ ರಾಜೀನಾಮೆ ಕೊಟ್ಟು ಅನರ್ಹಗೊಂಡಿದ್ದವರೇ ಗೆದ್ದರು. ‘ಮಂದೀನ ಹಿಂಗ’ ಎಂಬ ಮಾತು ಮತ್ತೆ ಎಲ್ಲ ಕಡೆ.

ಈ ಸಲ ಬೈಯದೆ ಕೇಳಿದೆ. ಕೃಷ್ಣಾ ದಂಡೆಯಲ್ಲಿ ಕಬ್ಬು ಬೆಳೆಯುವ ನಮ್ಮ ಬೀಗರು ಹೇಳಿದ್ದು ಹೀಗೆ: ‘ಬೀಗರ, ಕಬ್ಬು ವರ್ಷದ ಮ್ಯಾಲ ನಿಂತೈತಿ. ಕಡಿಯೋ ಟೋಳಿ ಬರಬೇಕು. ಒಂದೊಂದು ವಾರ ತಡ ಆದಂಗ ತೂಕ ಇಳೀತೈತಿ. ಸಾಲ ಅವರ ಬ್ಯಾಂಕಿನ್ಯಾಗ, ತೂಕ ಅವರ ಕಾಟಾದಾಗ. ನೀವು ಬರದು ಮನೀಗೆ ಹೋಗ್ತೀರಿ, ನಾ ಇಲ್ಲೇ ಬಾಳೇ ಮಾಡಬೇಕಲ್ರಿ.’ ಪಕ್ಷ ಯಾವುದೇ ಇರಲಿ, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ವಿಧಾನಸಭೆ ಈ ಮೂರರಲ್ಲೂ ಅವೇ ಮನೆತನಗಳ ಹೆಸರು ಕಾಣುವ ಜಿಲ್ಲೆ ನಮ್ಮದು. ಗುಟ್ಟಾಗಿ ಒತ್ತುವ ಗುಂಡಿ ಗುಟ್ಟಾಗಿಯೇ ಉಳಿದೀತು ಎಂಬ ಧೈರ್ಯ ಅಂಥ ಕಡೆ ಸುಲಭವಲ್ಲ. ಓಟಿನ ದಿನ ಮಾತ್ರ ಮತದಾರರು ಸ್ವತಂತ್ರರಾಗಿ ನಡೆದುಕೊಳ್ಳಬೇಕೆಂದು ನಾನು ಬಯಸುತ್ತಿದ್ದೆ, ಉಳಿದ ದಿನಗಳ ಬಗ್ಗೆ ಯೋಚಿಸಿರಲಿಲ್ಲ.

2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಫೋನು ಮಾಡಿದ್ದ. ಟ್ರಂಪ್ ಗೆದ್ದಿದ್ದರು. ‘ಈ ದೇಶದ ಮಂದಿಗೆ ಬುದ್ಧಿ ಇಲ್ಲ ಮಾಮಾ, ಅನುಭವಿಸ್ಲಿ’ ಎಂದು ಬಹಳ ಹೊತ್ತು ಬೈದ. ಮಾತುಮಾತಿಗೂ ನನ್ನ ಹಳೆಯ ಬರಹವೇ. ಉದ್ಯಮಿ ಇಲಾನ್ ಮಸ್ಕ್ ಆ ಚುನಾವಣೆಗೆ 25 ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದರು. ಹೊಸ ಸರ್ಕಾರ ಅಧಿಕಾರಕ್ಕೆ ಬರುವ ಮೊದಲೇ, ಸರ್ಕಾರಿ ಖರ್ಚು ಕಡಿತ ಮಾಡುವ ಹೊಣೆ ಅವರಿಗೆಂದು ಘೋಷಣೆಯಾಯಿತು. ‘ನಿನ್ನ ಪಕ್ಕದ ಮನೆಯವನ ಓಟಿನ ಬಗ್ಗೆ ಇಷ್ಟು ಹೊತ್ತು ಮಾತಾಡಿದಿ, ಆ ಮಸ್ಕ್ ಬಗ್ಗೆ ಎಷ್ಟು ಮಾತಾಡಿದಿ?’ ಎಂದೆ. ಅವನಿಗೆ ಬೇಸರವಾಯಿತು. ನಾನು ಗಂಜಿ ಕೇಂದ್ರದ ಸಂಗತಿ ಹೇಳಿದೆ, ಜಾಹೀರಾತಿನದನ್ನೂ ಹೇಳಿದೆ. ಮನೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.

ರೊಕ್ಕ ತಗೊಂಡು ಓಟು ಹಾಕುವುದು ಸರಿ ಎಂದು ನಾನು ಹೇಳುತ್ತಿಲ್ಲ. ಅದು ತಪ್ಪೇ, ನಮ್ಮ ಮನೆಯ ಮಕ್ಕಳಿಗೆ ಹಾಗೇ ಹೇಳಿದ್ದೇನೆ. ಆದರೆ ಐನೂರು ಕೊಡುವ ಕೈ ಎಲ್ಲಿಂದ ತುಂಬಿಕೊಂಡು ಬರುತ್ತದೆ, ಗೆದ್ದ ಮೇಲೆ ಅದನ್ನು ಎಲ್ಲಿ ವಸೂಲು ಮಾಡುತ್ತದೆ ಎಂದು ಕೇಳದೆ, ಚಾಚಿದ ಕೈಯನ್ನಷ್ಟೇ ತೋರಿಸುವ ಬರಹ ಕೊಟ್ಟವರಿಗೆ ಮಾಡುವ ಸೇವೆ. ನಾನು ಆ ಸೇವೆ ಮಾಡಿದ್ದೇನೆ.

ವಾರಪತ್ರಿಕೆ ಈಗಿಲ್ಲ. 2023ರ ಮೇ ಚುನಾವಣೆಗೆ ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಅಫಿಡವಿಟ್ಟುಗಳನ್ನು ಮುದ್ರಿಸಿಕೊಂಡು ಬಂದು, ಪಕ್ಷ ನೋಡದೆ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಓದಿ ಹೇಳಿದೆ. ಆಸ್ತಿ ಎಷ್ಟು, ಸಾಲ ಎಲ್ಲಿ, ಷೇರು ಯಾವುದರಲ್ಲಿ. ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ ಎಂದಾಗ ಎಲ್ಲರೂ ನಕ್ಕರು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ ಎಂದಾಗ ಯಾರೂ ನಗಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡುಗಳನ್ನು ರದ್ದು ಮಾಡಿತು, ಮಾರ್ಚ್‌ನಲ್ಲಿ ಕೊಂಡವರ ಹೆಸರು ಹೊರಗೆ ಬಂದವು. ಆ ಪಟ್ಟಿಯನ್ನೂ ತಂದು ಓದಿದೆ. ಎಲ್ಲರಿಗಿಂತ ಹೆಚ್ಚು, 1,368 ಕೋಟಿ ರೂಪಾಯಿಯ ಬಾಂಡು ಕೊಂಡದ್ದು ಒಂದು ಲಾಟರಿ ಕಂಪನಿ.

ಒಬ್ಬ ಹಮಾಲ ಹುಡುಗ ಚಹದ ಗ್ಲಾಸು ಕೆಳಗಿಟ್ಟು ಕೇಳಿದ: ‘ನಮ್ಮ ಕಡೆ ಲಾಟರಿ ಬಂದ್ ಆಗಿ ಎಷ್ಟೋ ವರ್ಷ ಆತು. ಅವ ಪಾರ್ಟಿಗೋಳಿಗೆ ಇಷ್ಟು ಯಾಕ ಕೊಡ್ತಾನ್ರಿ ಕಾಕಾ? ಯಾರರ ಹೋಗಿ ಕೇಳ್ಯಾರೇನು?’

ಕೇಳಿದ್ದಾರೆ, ಕೆಲವು ಪತ್ರಕರ್ತರು ಪಟ್ಟಿ ಹಿಡಿದು ಒಂದೊಂದೇ ಹೆಸರಿನ ಹಿಂದೆ ಹೋಗಿದ್ದಾರೆ ಎಂದೆ. ಅವರು ಏನೇನು ಬರೆದಿದ್ದಾರೋ ಅದನ್ನೂ ತಂದು ಓದಿರಿ ಎಂದ. ಮುಂದಿನ ವಾರ ಅದನ್ನೇ ಓದಿದೆ.