ಬಿಚ್ಚದ ಪೆಟ್ಟಿಗೆ

ತಂಗಿಯ ಸಂಸಾರ ಆರು ತಿಂಗಳ ಮಟ್ಟಿಗೆ ಮೆಕ್ಸಿಕೊ ದೇಶದ ಕಡಲೂರು ಪುಯೆರ್ತೊ ವಯಾರ್ತಾದಲ್ಲಿತ್ತು. 2019ರಲ್ಲಿ ನಾನು ಹೋದಾಗ, ಎರಡು ತಿಂಗಳಾದರೂ ಪೆಟ್ಟಿಗೆ ಬಿಚ್ಚಿರಲಿಲ್ಲ. “ಹೆಂಗೂ ಹೋಗೋರು, ಬಿಚ್ಚಿ ಏನ್ ಮಾಡೂದಣ್ಣಾ?” ಅಂದಳು. ಪ್ರಿಯರೇ, ನಾನೇನು ಹೇಳಲಿ? ನನ್ನ ಪುಸ್ತಕದ ಪೆಟ್ಟಿಗೆಯೊಂದು ಮೂರು ಧರ್ಮಕೇಂದ್ರ ದಾಟಿಯೂ ಹಾಗೇ ಇದೆ!

ಅಲ್ಲಿನ ರೊಟ್ಟಿ ತೊರ್ತಿಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ಅರೆದು ಮಾಡುತ್ತಾರೆ. ಕಿಲೋ ಲೆಕ್ಕದಲ್ಲಿ ಬಿಸಿಬಿಸಿ ಮಾರುತ್ತಾರೆ. ತಂಗಿಯ ಆರು ವರ್ಷದ ಮಗ ದಿನಾ ಬಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವನು. ಅಂಗಡಿಯ ಅಜ್ಜಿ ಒಂದಕ್ಕೆ ಉಪ್ಪು ಉದುರಿಸಿ, ಸುರುಳಿ ಸುತ್ತಿ ಕೊಡುವರು. ಅವನು ಜ್ವರದಿಂದ ಮಲಗಿದ ಮೂರನೆಯ ದಿನ ಅಜ್ಜಿಯೇ ಮನೆ ಹುಡುಕಿಕೊಂಡು ಬಂದರು. ಕೂರಿಸೋಣವೆಂದರೆ ಕುರ್ಚಿಯ ಮೇಲೂ ಪೆಟ್ಟಿಗೆ! ತಂಗಿ ತಲೆ ತಗ್ಗಿಸಿದಳು.

ಅಂದೇ ರಾತ್ರಿ ಎಲ್ಲ ಬಿಚ್ಚಿದೆವು. ತಳದಲ್ಲಿ ಅಮ್ಮ ಕಟ್ಟಿಕೊಟ್ಟ ಸೊಲ್ಲಾಪುರದ ಶೇಂಗಾ ಚಟ್ನಿ ಸಿಕ್ಕಿತು. ಮರುದಿನ ಅರ್ಧ ಪೊಟ್ಟಣ ಅಜ್ಜಿಗೆ ಹೋಯಿತು.